ಸರಕಾರದ ವರ್ಷವೂ ಸಾಗುವಳಿಯ ವರ್ಷವೂ

ಸರಕಾರದ ಲೆಕ್ಕದ ವರ್ಷ ಎಪ್ರಿಲ್ 1ನೆಯ ತಾರೀಕಿಗೆ ತೊಡಗುತ್ತದೆ. ನಮ್ಮ ಸಾಗುವಳಿಯ ವರ್ಷ ಬಿಸುವಿಗೆ, ಎಂದರೆ ಎಪ್ರಿಲ್ ನಡುವಿಗೆ ತೊಡಗುತ್ತದೆ. ಎರಡರ ನಡುವೆ ಇರುವುದು ಬರೇ ಎರಡು ವಾರದ ಅಂತರ. ಇಷ್ಟು ಹತ್ತಿರದಲ್ಲಿ ಹುಟ್ಟಿದ ಈ ಎರಡು ವರ್ಷಗಳು ಜತೆಯಾಗಿಯೇ ನಡೆಯಬೇಕಾಗಿತ್ತು. ಆದರೆ ಹಾಗೆ ನಡೆಯುವುದು ಅಪರೂಪ. ಮಳೆಗಾಲಕ್ಕೆ ಮೊದಲು ಕೈಸೇರಬೇಕಾದ ಸುಣ್ಣ ಮಳೆ ಬಿಟ್ಟ ಮೇಲೆ ಬರುತ್ತದೆ. ಮಾರ್ಗಶಿರದಲ್ಲಿ ಹಾಕಬೇಕಾದ ಕಟ್ಟದ ಹಣ ಶಿವರಾತ್ರಿಗೆ ಮಂಜೂರಾಗುತ್ತದೆ. ಕಾಗದದಲ್ಲಿ ಹಣ ಖರ್ಚಾಯಿತು, ಸರಕು ಬಂತು, ರೈತ ರುಜು ಹಾಕಿದ. ಎಲ್ಲವೂ ಸರಿ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂಬ ನಮ್ಮ ಹಿರಿಯರ ಮಾತು ಮಾತ್ರ ಇಂಥಾದ್ದಕ್ಕೇ ಹೇಳಿದ ಹಾಗಿದೆ.

ಸರಕಾರದ ಹಣದ ವಿಚಾರ ಬಂದರೆ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತೇವೆ. ಎಷ್ಟು ಬಂತು? ಯಾರಿಗೆ ಸಿಕ್ಕಿತು? ಇವೆರಡೂ ಬೇಕಾದ ಪ್ರಶ್ನೆಗಳೇ. ಆದರೆ ಕೃಷಿಕನಾದವನು ಮೂರನೆಯದೊಂದನ್ನು ತಪ್ಪದೆ ಕೇಳಬೇಕು. ಯಾವಾಗ ಬಂತು? ಕೃಷಿಗೆ ಕೊಡುವ ಹಣದಲ್ಲಿ ಕಾಲ ತಪ್ಪಿದ್ದೆಲ್ಲ ಅರ್ಧ ಪೋಲಾದಂತೆ. ಯಾರೂ ಕದಿಯದಿದ್ದರೂ ಅದು ಪೋಲೇ. ಈ ಪೋಲನ್ನು ತಡೆಯುವುದು ಹೇಗೆಂಬುದೇ ಈ ವಾರದ ವಿಚಾರ.

ಯಾವ ಕೆಲಸಕ್ಕೆ ಯಾವ ಕಾಲ

ಮೊದಲು ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯ ಕೃಷಿಯ ಪಂಚಾಂಗವನ್ನು ನೋಡೋಣ. ಇಲ್ಲಿನ ಮುರಕಲ್ಲಿನ ಮಣ್ಣು ಹುಳಿ ಮಣ್ಣು. ಅದಕ್ಕೆ ಸುಣ್ಣ ಬೀಳಬೇಕಾದದ್ದು ಎಪ್ರಿಲ್ ಮೇ ತಿಂಗಳ ಮೊದಲ ಮಳೆಗೆ. ಏಣೆಲು ಬೆಳೆಯ ಬಿತ್ತು ಮೇ ಮುಗಿಯುವುದರೊಳಗೆ ಮನೆಯಲ್ಲಿರಬೇಕು. ಮಳೆಯಾಶ್ರಯದ ತೆಂಗಿಗೆ ವರ್ಷದ ಗೊಬ್ಬರದಲ್ಲಿ ಮೂರರಲ್ಲಿ ಒಂದು ಪಾಲನ್ನು ಮುಂಗಾರಿನ ಮೊದಲ ಮಳೆಗೂ ಉಳಿದ ಎರಡು ಪಾಲನ್ನು ಸೆಪ್ಟೆಂಬರ್ ಅಕ್ಟೋಬರದಲ್ಲೂ ಕೊಡಬೇಕು.

ಅಡಿಕೆಯ ಮಹಾಳಿಗೆ ಹೊಡೆಯುವ ಬೋರ್ಡೋ ದ್ರಾವಣ ಎಲ್ಲರಿಗೂ ಗೊತ್ತು. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಮೊದಲ ಸಿಂಪಡಣೆ ಮಳೆ ಹಿಡಿಯುವುದಕ್ಕೆ ಮುಂಚೆ, ಎರಡನೆಯದು 40-45 ದಿನಗಳ ಮೇಲೆ. ಮಳೆ ಎಳೆದರೆ ಮೂರನೆಯದೂ ಬೇಕಾಗುತ್ತದೆ. ಮೈಲುತುತ್ತಿನ ಸಹಾಯಧನ ಆಟಿ ಕಳೆದು ಬಂದರೆ ಅಷ್ಟರಲ್ಲಿ ಉದುರಿದ ಕಾಯಿ ಮರಕ್ಕೆ ಹಿಂದಿರುಗುವುದಿಲ್ಲ. ಇನ್ನು ಗಿಡ ನೆಡುವುದು ಜೂನಿನ ಮಳೆಗೆ. ಫೆಬ್ರವರಿಯಲ್ಲಿ ಹಂಚಿದ ತೆಂಗಿನ ಸಸಿಗೆ ಕೊಡದಲ್ಲಿ ನೀರು ಹೊತ್ತು ಸಾಕಬೇಕು. ಅದು ಬದುಕಿದರೆ ಹಂಚಿದವರ ಪುಣ್ಯವಲ್ಲ, ಮನೆಯ ಹೆಂಗಸರ ಸೊಂಟದ ಬಲ.

ಎಲ್ಲಕ್ಕಿಂತ ಹೆಚ್ಚು ಕಾಲವನ್ನು ಬೇಡುವುದು ಕಟ್ಟ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಇಳಿಜಾರಿನಲ್ಲಿ ಓಡಿ ಕಡಲಿಗೆ ಸೇರುತ್ತದೆ. ಹಿಂದಿನವರು ಇದಕ್ಕೇ ತೋಡು ಹೊಳೆಗಳಿಗೆ ಕಲ್ಲು, ಮಣ್ಣು, ಸೊಪ್ಪಿನಿಂದ ತಾತ್ಕಾಲಿಕ ಕಟ್ಟಗಳನ್ನು ಕಟ್ಟುತ್ತಿದ್ದರು. ಮಳೆ ಪೂರಾ ನಿಂತು ಹರಿವು ತಗ್ಗಿದ ಮೇಲೆ, ಆದರೆ ತೋಡು ಸೊರಗುವುದಕ್ಕೆ ಮೊದಲು ಕಟ್ಟ ಹಾಕಬೇಕು. ನವೆಂಬರ್ ಕೊನೆಯಿಂದ ದಶಂಬರ ಮುಗಿಯುವ ತನಕ ಮಾತ್ರ ಅದರ ಕಾಲ.

ಕಟ್ಟದ ಒಂದು ಲೆಕ್ಕ

ಶಾಲೆಯಲ್ಲಿ ಮಕ್ಕಳಿಗೆ ಕೊಡುವಂಥ ಒಂದು ಲೆಕ್ಕವನ್ನು ಇಲ್ಲಿ ಮಾಡೋಣ. ಒಂದು ಕಟ್ಟಕ್ಕೆ 20,000 ರೂಪಾಯಿ ತಗಲುತ್ತದೆಂದು ಇಟ್ಟುಕೊಳ್ಳಿ. ದಶಂಬರದ ಮೊದಲಲ್ಲಿ ಕಟ್ಟಿದರೆ ಅದು 125 ದಿನ ನೀರು ನಿಲ್ಲಿಸಿತು ಎನ್ನೋಣ. ದಿನವೊಂದಕ್ಕೆ ಬಿದ್ದ ಖರ್ಚು 160 ರೂಪಾಯಿ. ಅದೇ ಕಟ್ಟವನ್ನು ಫೆಬ್ರವರಿಯಲ್ಲಿ, ತೋಡು ಬತ್ತುತ್ತಿರುವಾಗ ಕಟ್ಟಿದರೆ ನಿಲ್ಲುವ ನೀರು 25 ದಿನಕ್ಕಾದೀತು. ಆಗ ದಿನವೊಂದಕ್ಕೆ 800 ರೂಪಾಯಿ. ಕಲ್ಲು ಅದೇ, ಮಣ್ಣು ಅದೇ, ಕೂಲಿ ಅದೇ. ಕಾಲ ತಪ್ಪಿದ್ದರಿಂದ ನೀರಿನ ಬೆಲೆ ಐದು ಪಟ್ಟು ಏರಿತು. ಕೆಳಗಿನ ಬಾವಿಗಳ ಒರತೆ ತಗ್ಗಿದ್ದು ಈ ಲೆಕ್ಕದಲ್ಲಿ ಸೇರಲೇ ಇಲ್ಲ.

ವರ್ಷದ ಕೊನೆಗೆ ಲೆಕ್ಕ ತಪಾಸಣೆಗೆ ಬಂದವರು ಬಿಲ್ಲು ನೋಡುತ್ತಾರೆ, ಅಳತೆ ನೋಡುತ್ತಾರೆ. ಎರಡೂ ಸರಿಯಾಗಿದ್ದರೆ ಆಕ್ಷೇಪವಿಲ್ಲ. ಮಾರ್ಚಿನಲ್ಲಿ ಕಟ್ಟಿದ ಕಟ್ಟವೂ ದಶಂಬರದಲ್ಲಿ ಕಟ್ಟಿದ ಕಟ್ಟವೂ ಪುಸ್ತಕದಲ್ಲಿ ಒಂದೇ. ಇವುಗಳ ವ್ಯತ್ಯಾಸ ತಿಳಿಯುವುದು ಆ ತೋಡಿನ ನೀರು ಕುಡಿಯುವ ತೋಟದವನಿಗೆ ಮಾತ್ರ. ಆದುದರಿಂದ ಅದನ್ನು ಎತ್ತಿ ಹೇಳುವ ಹೊಣೆಯೂ ಅವನದೇ.

ಬಯಲು ಸೀಮೆಯ ಬಾಂಧವರಿಗೂ ಈ ಮಾತು ಅನ್ವಯಿಸುತ್ತದೆ. ರಾಯದುರ್ಗ, ಮಡಕಶಿರಾ ಕಡೆ ಶೇಂಗಾ ಬೀಜ ಮುಂಗಾರಿಗೆ ಮೊದಲು ಕೈಯಲ್ಲಿರಬೇಕು. ಜತ್ತ, ಅಕ್ಕಲಕೋಟೆ ಕಡೆ ಹಿಂಗಾರಿ ಜೋಳದ ಬೀಜ ಸೆಪ್ಟೆಂಬರಿಗೆ ಸಿದ್ಧವಿರಬೇಕು. ಹದ ತಪ್ಪಿದ ಮೇಲೆ ಪುಕ್ಕಟೆ ಬೀಜವೂ ತುಟ್ಟಿಯೇ.

ಮಾರ್ಚಿನ ಗಡಿಬಿಡಿ ಯಾತಕ್ಕೆ

ಹಣವೆಲ್ಲ ಮಾರ್ಚಿಗೇ ಯಾಕೆ ಹರಿಯುತ್ತದೆ? ಇದಕ್ಕೆ ಅಧಿಕಾರಿಗಳ ಆಲಸ್ಯವೊಂದೇ ಕಾರಣವೆಂದು ತಿಳಿಯಬಾರದು. ಶಾಸನಸಭೆ ಒಪ್ಪಿಗೆ ಕೊಡುವ ಹಣ ಆ ಒಂದು ವರ್ಷದ ಮಟ್ಟಿಗೆ ಮಾತ್ರ. ಮಾರ್ಚ್ 31ಕ್ಕೆ ಖರ್ಚಾಗದೆ ಉಳಿದದ್ದು ರದ್ದಾಗುತ್ತದೆ. ಈ ನಿಯಮದಲ್ಲಿ ಅರ್ಥವಿದೆ. ಪ್ರಜೆಗಳ ಹಣವನ್ನು ಪ್ರಜೆಗಳ ಪ್ರತಿನಿಧಿಗಳು ವರ್ಷಕ್ಕೊಮ್ಮೆ ನೋಡಿ ಕೊಡಬೇಕು, ಒಮ್ಮೆ ಕೊಟ್ಟದ್ದನ್ನು ಇಲಾಖೆಗಳು ವರ್ಷಗಟ್ಟಲೆ ಇಟ್ಟುಕೊಂಡು ಕೂರಬಾರದು ಎಂಬುದು ಉದ್ದೇಶ. ಆದರೆ ಪರಿಣಾಮ ಬೇರೆಯಾಯಿತು. ವರ್ಷದ ಮೊದಲ ತಿಂಗಳುಗಳು ಮಂಜೂರಾತಿಗೆ ಕಾಯುವುದರಲ್ಲಿ ಕಳೆಯುತ್ತವೆ. ಕೊನೆಯ ತಿಂಗಳುಗಳಲ್ಲಿ ಹಣ ರದ್ದಾಗುವ ಹೆದರಿಕೆಯಿಂದ ಖರ್ಚು ಓಡುತ್ತದೆ.

ಇದು ದಿಲ್ಲಿಗೂ ತಿಳಿದ ರೋಗ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವರ್ಷದ ಕೊನೆಗೆ ಖರ್ಚಿನ ನೂಕುನುಗ್ಗಲು ಮಾಡುವುದನ್ನು ಹಣಕಾಸಿನ ಶಿಸ್ತಿಗೆ ವಿರೋಧವೆಂದೇ ಹೇಳುತ್ತವೆ. ಕೊನೆಯ ಮೂರು ತಿಂಗಳಲ್ಲಿ ವರ್ಷದ ಹಣದ ಶೇಕಡಾ 33ಕ್ಕಿಂತ, ಮಾರ್ಚ್ ಒಂದರಲ್ಲೇ ಶೇಕಡಾ 15ಕ್ಕಿಂತ ಹೆಚ್ಚು ಖರ್ಚು ಮಾಡಬಾರದೆಂದು ಕೇಂದ್ರದ ಅರ್ಥ ಸಚಿವಾಲಯ ತನ್ನ ಇಲಾಖೆಗಳಿಗೆ ಮಿತಿ ಹಾಕುತ್ತ ಬಂದಿದೆ. ನಮ್ಮ ಪಂಚಾಯತಿನ ಲೆಕ್ಕವನ್ನೂ ಇದೇ ಅಳತೆಗೋಲಿನಿಂದ ನಾವು ಅಳೆದು ನೋಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ವರ್ಷವನ್ನೇ ಬದಲಿಸಬೇಕೆಂಬ ವಾದವೂ ಹಳೆಯದು. ನಮ್ಮ ದೇಶದಲ್ಲಿ 1867ಕ್ಕೆ ಮೊದಲು ಸರಕಾರದ ವರ್ಷ ಮೇ 1ಕ್ಕೆ ತೊಡಗುತ್ತಿತ್ತು. ಇಂಗ್ಲೆಂಡಿನ ಲೆಕ್ಕಕ್ಕೆ ಹೊಂದಲೆಂದು ಬ್ರಿಟಿಷರು ಅದನ್ನು ಎಪ್ರಿಲಿಗೆ ತಂದರು. ನಮ್ಮ ಮಳೆಯನ್ನು ಕೇಳಿ ಮಾಡಿದ್ದಲ್ಲ. 1984ರಲ್ಲಿ ನೇಮಕವಾದ ಎಲ್. ಕೆ. ಝಾ ಅವರ ಸಮಿತಿಯು ವರ್ಷವನ್ನು ಜನವರಿಗೆ ತೊಡಗಿಸಬೇಕೆಂದು ಸಲಹೆ ಕೊಟ್ಟಿತು. ಆ ವರ್ಷದ ಮುಂಗಾರಿನ ಫಲ ತಿಳಿದ ಮೇಲೆ ಬಜೆಟ್ಟು ಮಾಡಬಹುದೆಂಬುದು ಅದರ ಒಂದು ಕಾರಣ. ಸರಕಾರ ಒಪ್ಪಲಿಲ್ಲ. 2016ರಲ್ಲಿ ಶಂಕರ ಆಚಾರ್ಯರ ಸಮಿತಿ ಇದೇ ವಿಷಯವನ್ನು ಇನ್ನೊಮ್ಮೆ ಪರಿಶೀಲಿಸಿತು. ವರ್ಷ ಬದಲಾಗಲಿಲ್ಲ.

ಬದಲಾದದ್ದು ಬಜೆಟ್ಟಿನ ದಿನ. ಕೇಂದ್ರದ ಬಜೆಟ್ಟನ್ನು ಫೆಬ್ರವರಿ ಕೊನೆಯ ದಿನ ಮಂಡಿಸಿ, ಮೊದಲ ಒಂದೆರಡು ತಿಂಗಳಿಗೆ ತಾತ್ಕಾಲಿಕ ಒಪ್ಪಿಗೆ ಪಡೆದು, ಪೂರ್ತಿ ಒಪ್ಪಿಗೆಯನ್ನು ಮೇ ತಿಂಗಳಲ್ಲಿ ಪಡೆಯುವ ವಾಡಿಕೆಯಿತ್ತು. ಇಲಾಖೆಗಳ ಕೈಗೆ ಹಣ ಸರಿಯಾಗಿ ಬರುವಾಗ ಮಳೆ ಹಿಡಿದಿರುತ್ತಿತ್ತು. 2017ರಿಂದ ಬಜೆಟ್ಟು ಫೆಬ್ರವರಿ 1ಕ್ಕೆ ಬಂತು. ಎಪ್ರಿಲ್ 1ಕ್ಕೆ ಹಣ ಕೈಯಲ್ಲಿರಲಿ ಎಂಬುದೇ ಇದರ ಗುರಿ. ನೋಡಿ, ಒಂದು ಹೊಸ ಕಾಸನ್ನೂ ಸೇರಿಸದೆ, ತಾರೀಕನ್ನು ಹಿಂದಕ್ಕೆ ಸರಿಸಿದ್ದರಿಂದಲೇ ಒಂದು ಸುಧಾರಣೆಯಾಯಿತು. ದಿಲ್ಲಿಯಲ್ಲಿ ಆದದ್ದು ಪಂಚಾಯತಿನಲ್ಲಿಯೂ ಆಗಬೇಕು.

ಕೂಲಿಯ ವಿಚಾರದಲ್ಲಿಯೂ ಕಾಲದ ಮಾತು ಎದ್ದಿದೆ. 2005ರ ಉದ್ಯೋಗ ಖಾತರಿ ಕಾನೂನಿನ ಬದಲಿಗೆ 2025ರ ದಶಂಬರದಲ್ಲಿ ಪಾರ್ಲಿಮೆಂಟು ಒಪ್ಪಿದ ಹೊಸ ಕಾನೂನು ನೂರು ದಿನದ ಜಾಗದಲ್ಲಿ 125 ದಿನಗಳ ಕೆಲಸವನ್ನು ಹೇಳುತ್ತದೆ. ಬಿತ್ತನೆ, ಕೊಯ್ಲಿನ ದಿನಗಳಲ್ಲಿ ಒಟ್ಟು 60 ದಿನಗಳ ವರೆಗೆ ಕೆಲಸ ನಿಲ್ಲಿಸಲು ರಾಜ್ಯಗಳಿಗೆ ಅವಕಾಶವನ್ನೂ ಕೊಡುತ್ತದೆ. ಇದರಿಂದ ಕೂಲಿಯವನಿಗೆ ನಷ್ಟವೋ ಬೇಸಾಯಗಾರನಿಗೆ ಲಾಭವೋ ಎಂಬ ಚರ್ಚೆ ಬೇರೆ. ಯಾವ ತಿಂಗಳೆಂದು ಗೊತ್ತುಮಾಡುವಾಗ ಊರಿನ ಬೆಳೆಯನ್ನು ನೋಡಿ ಮಾಡಬೇಕೆಂಬುದರಲ್ಲಿ ಎರಡು ಮಾತಿಲ್ಲ. ಪಾಲಕ್ಕಾಡಿನ ಗದ್ದೆಗೆ ಹೊಂದುವ ತಿಂಗಳು ನಮ್ಮ ಅಡಿಕೆ ತೋಟಕ್ಕೆ ಹೊಂದಲಾರದು.

ರೂಪಾಯಿ ನಡೆದು ಬರುವ ದಾರಿ

ಕೇರಳದಲ್ಲಿ 1996ರ ಅಗೋಸ್ತು 17ರಂದು, ಸಿಂಹಮಾಸದ ಮೊದಲ ದಿನ, ಜನಕೀಯ ಯೋಜನೆ ತೊಡಗಿತು. ರಾಜ್ಯದ ಯೋಜನಾ ಹಣದಲ್ಲಿ ಶೇಕಡಾ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೇ ಬಿಟ್ಟುಕೊಡುವುದೆಂದು ಆಗ ನಿಶ್ಚಯವಾಯಿತು. ದೇಶದಲ್ಲಿ ಇದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂಶಯವಿಲ್ಲ. 1987ರಲ್ಲಿ ಪಂಚಾಯತಿಗೊಂದರಂತೆ ಬಂದ ಕೃಷಿಭವನಗಳು ಪಂಚಾಯತಿನ ಕೃಷಿ ಯೋಜನೆಗಳನ್ನು ನಡೆಸುವ ಕೈಗಳಾದುವು. ನಮ್ಮ ಜಿಲ್ಲೆಯ 38 ಗ್ರಾಮಪಂಚಾಯತುಗಳಲ್ಲಿಯೂ ಸುಣ್ಣ, ಗೊಬ್ಬರ, ಸಸಿ, ಪಂಪು, ಕಟ್ಟ ಇವುಗಳ ಮಾತು ಬಹಳಮಟ್ಟಿಗೆ ಊರಿನಲ್ಲೇ ತೀರ್ಮಾನವಾಗತಕ್ಕದ್ದು.

ಆದರೆ ಆ ರೂಪಾಯಿ ನಡೆದು ಬರುವ ದಾರಿಯನ್ನು ತಿಳಿದಿರಬೇಕು. ವಾರ್ಡಿನ ಗ್ರಾಮಸಭೆಯಲ್ಲಿ ಬೇಡಿಕೆ ಹುಟ್ಟಬೇಕು. ಅಲ್ಲಿಂದ ಪಂಚಾಯತಿನ ಕಾರ್ಯತಂಡ ಅದನ್ನು ಯೋಜನೆಯ ರೂಪಕ್ಕೆ ತರಬೇಕು. ವಿಕಸನ ಸೆಮಿನಾರಿನಲ್ಲಿ ಚರ್ಚೆಯಾಗಬೇಕು. ಪಂಚಾಯತು ಸಮಿತಿ ಒಪ್ಪಬೇಕು. ಜಿಲ್ಲಾ ಯೋಜನಾ ಸಮಿತಿಯ ಅಂಗೀಕಾರ ಸಿಗಬೇಕು. ಆಮೇಲೆ ಫಲಾನುಭವಿಗಳ ಪಟ್ಟಿ ಗ್ರಾಮಸಭೆಗೆ ಬರಬೇಕು. ಮತ್ತೆ ಖರೀದಿ, ಬಿಲ್ಲು, ಕೊನೆಗೆ ಖಜಾನೆ. ಖಜಾನೆಯಲ್ಲಿ ಹಣದ ಮುಗ್ಗಟ್ಟಿದ್ದರೆ ಬಿಲ್ಲು ಅಲ್ಲಿಯೂ ಸಾಲಿನಲ್ಲಿ ನಿಲ್ಲಬೇಕು.

ಇಷ್ಟು ಗಡಂಗಗಳನ್ನು ದಾಟುವ ಪ್ರಯಾಣವನ್ನು ಎಪ್ರಿಲಿನಲ್ಲಿ ತೊಡಗಿದರೆ ಮುಟ್ಟುವಾಗ ದೀಪಾವಳಿ. ಬಿಸುವಿನ ಸುಣ್ಣ ಬಿಸುವಿಗೇ ಬೇಕಾದರೆ ಅದರ ಮಾತನ್ನು ಹಿಂದಿನ ದೀಪಾವಳಿಗೇ ಆಡಿರಬೇಕು. ದಶಂಬರದ ಕಟ್ಟಕ್ಕೆ ಎಸ್ಟಿಮೇಟು ಮಳೆಗಾಲದೊಳಗೇ ಆಗಿರಬೇಕು. ಇದಿಷ್ಟೇ ಇದರ ಗುಟ್ಟು. ನಾವು ಮಾಡುವುದು ಸಾಮಾನ್ಯವಾಗಿ ಇದರ ವಿರುದ್ಧ. ಬೇಡಿಕೆಯ ಗ್ರಾಮಸಭೆಗೆ ಹೋಗುವುದಿಲ್ಲ. ಪಟ್ಟಿಯ ಗ್ರಾಮಸಭೆಗೆ ಓಡುತ್ತೇವೆ. ಆ ಹೊತ್ತಿಗೆ ಏನು ಕೊಡಬೇಕು, ಯಾವಾಗ ಕೊಡಬೇಕು ಎಂಬುದು ತೀರ್ಮಾನವಾಗಿ ಹೋಗಿರುತ್ತದೆ. ಹೆಸರು ಸೇರಿಸುವುದೊಂದು ಮಾತ್ರ ಉಳಿದಿರುತ್ತದೆ.

ಕಾನೂನು ಕೊಟ್ಟ ಹಕ್ಕು

1994ರ ಕೇರಳ ಪಂಚಾಯತ್ ರಾಜ್ ಕಾಯಿದೆಯ ಪ್ರಕಾರ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು. ವಾರ್ಡಿನ ಮೆಂಬರು ಅದರ ಸಂಚಾಲಕ. ಕೋರಂ ನೂರಕ್ಕೆ ಹತ್ತು. ಅಷ್ಟೇ ಮಂದಿ ಲಿಖಿತವಾಗಿ ಕೇಳಿದರೆ ವಿಶೇಷ ಸಭೆಯನ್ನೂ ಕರೆಯಬೇಕಾಗುತ್ತದೆ. ಸಾಲಾಗಿ ಎರಡು ಸಲ ಸಭೆ ಕರೆಯದ ಮೆಂಬರು ತನ್ನ ಸ್ಥಾನವನ್ನೇ ಕಳಕೊಳ್ಳಬಹುದು. ಫಲಾನುಭವಿಗಳ ಪಟ್ಟಿಯಲ್ಲಿ ಗ್ರಾಮಸಭೆ ಗೊತ್ತುಮಾಡಿದ ಕ್ರಮವನ್ನು ಪಂಚಾಯತು ತನಗೆ ಬೇಕಾದಂತೆ ಹಿಂದುಮುಂದು ಮಾಡುವ ಹಾಗಿಲ್ಲ. ವಾರ್ಡಿನಲ್ಲಿ ನಡೆಯುವ ಕೆಲಸದ ಎಸ್ಟಿಮೇಟು, ಹಣದ ವಿವರಗಳನ್ನು ಕೇಳಿ ತಿಳಿಯುವ ಹಕ್ಕೂ ಸಭೆಗಿದೆ.

ಭಾಷೆಯ ತೊಡಕನ್ನು ಮರೆಯಬಾರದು. ನೋಟೀಸು, ಅರ್ಜಿಯ ಫಾರಂ, ಎಸ್ಟಿಮೇಟು ಮಲೆಯಾಳದಲ್ಲಿ ಮಾತ್ರ ಇದ್ದಾಗ ನಮ್ಮ ಹಿರಿಯ ಬೇಸಾಯಗಾರರಲ್ಲಿ ಅನೇಕರು ಸುಮ್ಮನಿದ್ದು ಬಿಡುತ್ತಾರೆ. ತಿಳಿಯದ್ದರಿಂದ ಕೇಳುವುದಿಲ್ಲ, ಕೇಳದ್ದರಿಂದ ತಾರೀಕು ದಾಟುತ್ತದೆ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದೆಂದು ಸಂವಿಧಾನದ 350ನೆಯ ಅನುಚ್ಛೇದ ಹೇಳುತ್ತದೆ. ಆದುದರಿಂದ ಕನ್ನಡದಲ್ಲೇ ಬರೆಯಿರಿ. ಚಿಕ್ಕದಾಗಿ, ತಾರೀಕು ಹಾಕಿ ಬರೆಯಿರಿ. ಕೊಟ್ಟದ್ದಕ್ಕೆ ರಶೀದಿ ಪಡೆಯಿರಿ. ಮಲೆಯಾಳ ಓದಬಲ್ಲ ಹುಡುಗ ಹುಡುಗಿಯರು ಈಗ ಮನೆಮನೆಯಲ್ಲಿದ್ದಾರೆ. ಅವರಿಂದ ನೋಟೀಸು ಓದಿಸಿ ಕೇಳುವುದರಲ್ಲಿ ಸಂಕೋಚವೇಕೆ?

ಕೇಳಬೇಕಾದ ನಾಲ್ಕು ಪ್ರಶ್ನೆಗಳು

ಗ್ರಾಮಸಭೆಯಲ್ಲಿ ಗಲಾಟೆ ಮಾಡಿ ಪ್ರಯೋಜನವಿಲ್ಲ. ಈ ನಾಲ್ಕು ಪ್ರಶ್ನೆಗಳನ್ನು ಸಮಾಧಾನವಾಗಿ ಕೇಳಿ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿದರೆ ಸಾಕು.

ಒಂದು. ಹೋದ ವರ್ಷ ಕೃಷಿಗೆ ಇಟ್ಟ ಹಣದಲ್ಲಿ ಯಾವ ತಿಂಗಳು ಎಷ್ಟು ಖರ್ಚಾಯಿತು? ವರ್ಷದ ಮೊತ್ತ ಸಾಲದು. ತಿಂಗಳುವಾರು ಹೇಳಬೇಕು. ಮಾರ್ಚಿನ ಪಾಲು ಎಷ್ಟೆಂಬುದು ಆಗ ತಾನಾಗಿ ತಿಳಿಯುತ್ತದೆ.

ಎರಡು. ಈ ವರ್ಷದ ಪ್ರತಿಯೊಂದು ಕೃಷಿ ಯೋಜನೆಗೂ ಸರಕು ರೈತನ ಕೈಸೇರುವ ತಾರೀಕು ಯಾವುದು? ಸುಣ್ಣಕ್ಕೆ, ಮೈಲುತುತ್ತಿಗೆ, ಬೀಜಕ್ಕೆ, ಸಸಿಗೆ ಬೇರೆ ಬೇರೆಯಾಗಿ ಬರೆಸಬೇಕು.

ಮೂರು. ಕಟ್ಟ ಹಾಕುವ ತೋಡುಗಳು ಯಾವುವು, ಎಸ್ಟಿಮೇಟು ಆಗಿದೆಯೇ, ಕೆಲಸ ಯಾರ ಕೈಯಲ್ಲಿ? ಜನಕೀಯ ಯೋಜನೆಯಲ್ಲಿ ಕಂತ್ರಾಟುದಾರನ ಬದಲು ಫಲಾನುಭವಿಗಳ ಸಮಿತಿಯೇ ಕೆಲಸ ಮಾಡಿಸುವ ಏರ್ಪಾಡು ಬಂತು. ಎಷ್ಟೋ ಕಡೆ ಸಮಿತಿಯ ಹೆಸರಿನಲ್ಲಿ ಕಂತ್ರಾಟುದಾರನೇ ಬೇನಾಮಿಯಾಗಿ ಕೆಲಸ ಹಿಡಿದದ್ದೂ ಉಂಟು. ಕಟ್ಟಕ್ಕಾದರೋ ಆ ನೀರನ್ನೇ ನಂಬಿದ ತೋಟದವರ ಸಮಿತಿಯಷ್ಟು ಒಳ್ಳೆಯ ಕಾವಲು ಇನ್ನಿಲ್ಲ. ಅವರು ಮಾರ್ಚಿನ ವರೆಗೆ ಕಾಯಲಾರರು.

ನಾಲ್ಕು. ಹಿಂದಿನ ವರ್ಷ ಪಟ್ಟಿಯಲ್ಲಿ ಹೆಸರಿದ್ದೂ ಸಿಗದವರು ಯಾರು, ಏಕೆ? ಸಹಾಯಧನದಲ್ಲಿ ಮೊದಲು ರೈತನೇ ಹಣ ಹಾಕಿ ಕೊಂಡು ಬಿಲ್ಲು ಕೊಡಬೇಕಾಗುವುದುಂಟು. ಕೈಯಲ್ಲಿ ಕಾಸಿಲ್ಲದ ಸಣ್ಣ ಹಿಡುವಳಿದಾರ ಅಲ್ಲಿಗೇ ಹಿಂದೆ ಬೀಳುತ್ತಾನೆ. ಅವನ ಪಾಲು ವರ್ಷದ ಕೊನೆಗೆ ಉಳಿದ ಹಣವಾಗಿ, ಮಾರ್ಚಿನ ಗಡಿಬಿಡಿಯಲ್ಲಿ ಅನುಕೂಲಸ್ಥನ ಮನೆಗೆ ಹೋಗುತ್ತದೆ. ಕಾಲ ತಪ್ಪಿದರೆ ನ್ಯಾಯವೂ ತಪ್ಪುವುದು ಹೀಗೆ.

ಸರಕಾರ ಮಾಡಬೇಕಾದದ್ದು

ಕೃಷಿಭವನದ ಅಧಿಕಾರಿಯ ಕಷ್ಟವನ್ನೂ ನೋಡದೆ ಇರಬಾರದು. ಒಬ್ಬರ ಮೇಜಿನ ಮೇಲೆ ರಾಜ್ಯದ ಯೋಜನೆ, ಕೇಂದ್ರದ ಯೋಜನೆ, ಪಂಚಾಯತಿನ ಯೋಜನೆ ಎಂದು ಹತ್ತಾರು ರಿಜಿಸ್ತ್ರಿಗಳು. ಒಂದೊಂದಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ತಾರೀಕು. ಅವರನ್ನು ಬೈದರೆ ಸುಣ್ಣ ಬೇಗ ಬಾರದು. ಬದಲಾಗಬೇಕಾದದ್ದು ಕ್ರಮ.

ಕೃಷಿಯ ಸರಕುಗಳಿಗೆ ಮಂಜೂರಾತಿ ಜನವರಿಯೊಳಗೇ ಮುಗಿಯಬೇಕು. ಎಪ್ರಿಲ್ ಮೊದಲ ವಾರದಲ್ಲಿ ಖರೀದಿ ತೊಡಗಬೇಕು. ವರ್ಷ ವರ್ಷವೂ ಮರಳಿ ಬರುವ ಕಟ್ಟದಂಥ ಕೆಲಸಕ್ಕೆ ವರ್ಷ ವರ್ಷವೂ ಹೊಸದಾಗಿ ಯೋಜನೆ ಬರೆಯಿಸುವ ಬದಲು ಮೂರು ನಾಲ್ಕು ವರ್ಷಕ್ಕೆ ಒಮ್ಮೆಗೇ ಒಪ್ಪಿಗೆ ಕೊಡಬಹುದು. ಉಳಿದ ಹಣ ಪೂರ್ತಿ ರದ್ದಾಗದೆ ಮುಂದಿನ ಮುಂಗಾರಿಗೆ ಸಿಗುವಂತೆ ಮಾಡಿದರೆ ಮಾರ್ಚಿನ ಓಟ ತಗ್ಗೀತು. ಹಾಗೆ ಮಾಡಿದರೆ ಕೆಲಸ ಇನ್ನೂ ತಡವಾದೀತು, ಹೇಗೂ ಹಣವಿದೆ ಎಂದು ಕುಳಿತುಕೊಂಡಾರು ಎಂಬ ಆಕ್ಷೇಪವುಂಟು. ಅದು ತಳ್ಳಿಹಾಕುವ ಮಾತಲ್ಲ. ಅದಕ್ಕೇ ಉಳಿತಾಯಕ್ಕೆ ಅವಕಾಶ ಕೊಡುವುದರೊಂದಿಗೆ ತಿಂಗಳುವಾರು ಲೆಕ್ಕವನ್ನು ಹೊರಗೆ ತೂಗಹಾಕುವ ಕಟ್ಟುಪಾಡೂ ಬರಬೇಕು.

ಅದೇನೂ ದೊಡ್ಡ ಕೆಲಸವಲ್ಲ. ಒಂದು ಕಾಗದ, ಹನ್ನೆರಡು ಕಾಲಂ, ಕೃಷಿಯ ಯೋಜನೆಗಳ ಹೆಸರು. ಯಾವ ತಿಂಗಳು ಏನು ಕೊಡಬೇಕಾಗಿತ್ತು, ಏನು ಕೊಟ್ಟಾಯಿತು. ಮಲೆಯಾಳದಲ್ಲಿಯೂ ಕನ್ನಡದಲ್ಲಿಯೂ ಬರೆದು ಪಂಚಾಯತು ಕಚೇರಿ, ಹಾಲಿನ ಸೊಸೈಟಿ, ಗ್ರಂಥಾಲಯದ ಗೋಡೆಯಲ್ಲಿ ಅಂಟಿಸಿದರೆ ಐದನೆಯ ಕ್ಲಾಸಿನ ಮಗುವೂ ಓದೀತು. ಪಂಚಾಯತು ಅಂಟಿಸದಿದ್ದರೆ ವಾರ್ಡಿನ ನಾಲ್ಕು ಮಂದಿ ಸೇರಿ, ಕೇಳಿ ಪಡೆದ ವಿವರಗಳಿಂದ ತಾವೇ ತಯಾರಿಸಬಹುದು.

2025ರ ದಶಂಬರದ ಚುನಾವಣೆಯಲ್ಲಿ ಪಂಚಾಯತುಗಳಿಗೆ ಹೊಸ ಮೆಂಬರರು ಆರಿಸಿ ಬಂದಿದ್ದಾರೆ. ರಾಜ್ಯದ 14ನೆಯ ಪಂಚವಾರ್ಷಿಕ ಯೋಜನೆಯ ಅವಧಿ 2027ರ ಮಾರ್ಚಿಗೆ ತೀರುತ್ತದೆ. ಅದರ ಮುಂದಿನ ವರ್ಷಗಳಿಗೆ ಪಂಚಾಯತಿನ ಕೃಷಿ ಹೇಗಿರಬೇಕೆಂಬ ಮಾತು ಈ ಮೆಂಬರರ ಕಾಲದಲ್ಲೇ ಆಗಬೇಕು. ನಿಮ್ಮ ವಾರ್ಡಿನ ಗ್ರಾಮಸಭೆಯ ದಿನವನ್ನು ಮೆಂಬರರಿಂದ ಈಗಲೇ ಕೇಳಿ ಪಂಚಾಂಗದಲ್ಲಿ ಗುರುತು ಹಾಕಿರಿ. ಮನೆಗೊಬ್ಬರಾದರೂ, ಅದರಲ್ಲೂ ತೋಟದ ನೀರು ಗೊಬ್ಬರ ನೋಡುವ ಹೆಂಗಸರು ತಪ್ಪದೆ ಹೋಗಿರಿ. ಮೇಲಿನ ನಾಲ್ಕು ಪ್ರಶ್ನೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಒಳ್ಳೆಯದು. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದ ಮೇಲೆ ರುಜು ಹಾಕಿ ಏಳಿರಿ.